ನೈವೇದ್ಯಕ್ಕೆ ಮುಂಚೆ ದಾಟಿದ ಹೊಳೆ

ನಮ್ಮ ಅತ್ತೆಯವರಿಗೆ ಟಿವಿಯ ಧಾರಾವಾಹಿ ಸೇರುವುದಿಲ್ಲ. ನೋಡುವುದಕ್ಕೆ ಕೂತರೂ, "ಇಷ್ಟು ಮಂದಿ ಅಳ್ಳಿಕತ್ತಾರ, ಒಲಿ ಮ್ಯಾಲ ಏನಿಟ್ಟಾರ ಅನ್ನೋದು ಒಬ್ಬರಿಗೂ ಖಬರಿಲ್ಲ" ಎಂದು ಎದ್ದುಬಿಡುತ್ತಾರೆ. ಅಂಥವರು ವರ್ಷದ ಮೇಲೆ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ, ಕೈಮುಗಿದು, ಮೊಣಕಾಲು ಹಿಡಿದುಕೊಂಡು ತಿರುಗಿದ ಕೂಡಲೇ ನನ್ನನ್ನು ಕೇಳುತ್ತಿದ್ದದ್ದು ಒಂದೇ ಮಾತು.

"ಸಂಡೂರಿನವರದು ಮೇಲ್ ಬಂತೇನು?"

ಸಂಡೂರಿನವರು ಅಂದರೆ ನೆಂಟರಲ್ಲ. ಒಬ್ಬಳು ಚಿತ್ರ ಬರೆಯುವ ಹುಡುಗಿ, ಇನ್ನೊಬ್ಬ ಕಂಪ್ಯೂಟರಿನ ಕೆಲಸ ಬಲ್ಲ ಗಡ್ಡದವನು. ಇಬ್ಬರೂ ಸಂಡೂರಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಗೇಮ್ ಮಾಡುತ್ತಾರೆ, ಟ್ಯಾಬಿನಲ್ಲಿ ಆಡುವಂಥದ್ದು. ಆ ಆಟದಲ್ಲಿ ಒಂದು ಹುಡುಗಿ ಕಂಪ್ಲಿಯಿಂದ ಹೊರಟು ಹೊಳೆಯ ದಂಡೆ ಹಿಡಿದು ಹಂಪಿಯವರೆಗೆ ನಡೆಯುತ್ತಾಳೆ. ದಾರಿಯಲ್ಲಿ ಬಂಡೆ ಹತ್ತಬೇಕು, ಬಾಳೆತೋಟದಲ್ಲಿ ನುಸುಳಬೇಕು, ಹರಿಗೋಲಿನಲ್ಲಿ ಕೂತು ಹೊಳೆ ದಾಟಬೇಕು. ಹೊಡೆದಾಟವಿಲ್ಲ, ಗುಂಡಿನ ಸದ್ದಿಲ್ಲ. ದೊಡ್ಡ ಕಂಪನಿ ಯಾವುದೂ ಬೆನ್ನಿಗಿಲ್ಲದ್ದರಿಂದ, ಆಟ ಮುಗಿಯುವುದಕ್ಕೆ ಮೊದಲೇ ಜನರಿಂದ ದುಡ್ಡು ಕೂಡಿಸಿಕೊಂಡಿದ್ದರು. ಅದಕ್ಕೆ ಕ್ರೌಡ್ ಫಂಡಿಂಗ್ ಅನ್ನುತ್ತಾರಂತೆ. ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಮಠದಲ್ಲಿ ಆರಾಧನೆ ಬಂತೆಂದರೆ ಒಬ್ಬರು ಬೆಲ್ಲ, ಒಬ್ಬರು ತುಪ್ಪ ಅಂತ ಮೊದಲೇ ಬರೆಸುತ್ತೇವಲ್ಲ, ಹಾಗೆಯೇ.

ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಮೊಬೈಲು ನೋಡುತ್ತ ಮಲಗುವುದು ನನಗೆ ದೇವರು ಕೊಟ್ಟ ಸಣ್ಣ ಸುಖ. ಅಂಥ ಒಂದು ಮಧ್ಯಾಹ್ನ ಆ ಹರಿಗೋಲಿನ ಚಿತ್ರ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಬತ್ತಿ ಹೊಸೆಯುವ ಕೈ ನಿಂತಿತು.

"ಇದು ನಮ್ಮ ಕಂಪ್ಲಿ ಹೊಳಿ ಅಲ್ಲೇನು?"

ಅತ್ತೆಯ ತವರು ಕಂಪ್ಲಿ. ಆಚೆ ದಂಡೆಯ ಊರಿನಲ್ಲಿ ಅವರ ಸೋದರತ್ತೆಯ ಮನೆಯಿತ್ತು. ರಜೆ ಬಂತೆಂದರೆ ಹರಿಗೋಲು ಹತ್ತಿ ಅಲ್ಲಿಗೆ ಹೋಗುತ್ತಿದ್ದರಂತೆ. ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೆಯೂ ಹಂಪಿಗೆ ಹೋದಾಗಲೆಲ್ಲ ಹನುಮಪ್ಪನ ದರ್ಶನ ಮಾಡಿ, ಚಕ್ರತೀರ್ಥದ ಹತ್ತಿರ ಒಂದು ಸುತ್ತು ಹರಿಗೋಲಿನಲ್ಲಿ ಕೂತೇ ಬರುತ್ತಿದ್ದರು. ಮೊಣಕಾಲು ಹೋದ ಮೇಲೆ ಅದು ನಿಂತಿತು. ಹರಿಗೋಲಿನಲ್ಲಿ ಕುರ್ಚಿ ಇರುವುದಿಲ್ಲ. ಒಳಗೆ ಕಾಲಿಟ್ಟು ಕುಕ್ಕರುಗಾಲಿನಲ್ಲಿ ಕೂರಬೇಕು. ಹೋದ ಸಲ ಹೋದಾಗ ಮೆಟ್ಟಿಲ ಮೇಲೆಯೇ ನಿಂತು, ತೇಲಿ ಹೋಗುವವರನ್ನು ನೋಡಿ ತಿರುಗಿ ಬಂದಿದ್ದರು. ಬಸ್ಸಿನಲ್ಲಿ ಒಂದೇ ಮಾತು ಅಂದರು. "ಇನ್ನೊಮ್ಮೆ ದಾಟಬೇಕಾಗಿತ್ತು."

ಅದು ನನ್ನ ಮನಸ್ಸಿನಲ್ಲಿತ್ತು. ಅದಕ್ಕೇ ನನ್ನ ಕೈಖರ್ಚಿನಲ್ಲಿ ಉಳಿದದ್ದನ್ನು ಆ ಇಬ್ಬರಿಗೆ ಕಳಿಸಿದೆ. ಸ್ವಲ್ಪ ಹೆಚ್ಚು ಕೊಟ್ಟವರಿಗೆ ಅವರು ಒಂದು ಮರ್ಯಾದೆ ಇಟ್ಟಿದ್ದರು. ಆಟದ ಒಂದು ಭಾಗವನ್ನು ಎಲ್ಲರಿಗಿಂತ ಮೊದಲು ಅವರಿಗೆ ಕಳಿಸುತ್ತಾರೆ, ಅವರು ಆಡಿ ನೋಡಿ ಸರಿಯಿದೆ ಅಂದ ಮೇಲೇ ಅದು ಮುಗಿದಂತೆ. ನಾನು ಹೊಳೆ ದಾಟುವ ಭಾಗವನ್ನು ಅತ್ತೆಯ ಹೆಸರಿನಲ್ಲಿ ಬರೆಸಿದೆ.

ಆಟ ಯುಗಾದಿಗೆ ಬರುತ್ತದೆ ಅಂದರು. ಯುಗಾದಿ ಹೋಯಿತು. ದಸರೆಗೆ ಅಂದರು. ದಸರೆಯ ಬನ್ನಿಯೂ ಒಣಗಿತು. ಮೇಲ್ ಏನೋ ಬರುತ್ತಿತ್ತು, ಅದಕ್ಕೆ ಅಪ್ಡೇಟ್ ಅನ್ನುತ್ತಿದ್ದರು. ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಬಂದದ್ದರಲ್ಲಿಯೂ ಹೊಳೆಯ ಸುದ್ದಿ ಇರುತ್ತಿರಲಿಲ್ಲ. ಒಂದು ಸಲ ಪೂರ್ತಿ ಮೇಲ್ ನಾಯಿಯ ಬಾಲದ ಬಗ್ಗೆ. ಆಟದಲ್ಲಿ ಹುಡುಗಿಯ ಹಿಂದೆ ಒಂದು ನಾಯಿ ಬರುತ್ತದಂತೆ, ಅದರ ಬಾಲ ಅಲ್ಲಾಡುವುದು ಸರಿ ಬರುತ್ತಿಲ್ಲವಂತೆ. ಓದಿ ಹೇಳಿದೆ.

"ಬಾಲಕ್ಕ ಇಷ್ಟು ದಿನ ಆದ್ರ, ನಾಯಿಗೆ ನಾಕು ಕಾಲದಾವ" ಅಂದರು ಅತ್ತೆ.

ನಮ್ಮವರು ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಇದೆಲ್ಲ ತಮಾಷೆ. "ನಮ್ಮಲ್ಲಿ ಒಂದು ಶಿಫ್ಟ್ ಲೇಟಾದ್ರ ಸೂಪರ್‌ವೈಜರ್ ಕುತ್ತಿಗಿ ಹಿಡೀತಾನ. ನಿಮ್ಮ ಗೇಮಿನವರದು ಛಲೋ ನೌಕರಿ. ನಾಯಿ ಬಾಲ ಅಲ್ಲಾಡಲಿಲ್ಲ ಅಂತ ರಜಾ" ಎನ್ನುತ್ತಿದ್ದರು.

ನನಗೆ ನಗು ಬರುತ್ತಿರಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ, ಕಣ್ಣು ಮೊದಲಿನ ಹಾಗಿಲ್ಲ. ಈಗ ದೊಡ್ಡ ಅಕ್ಷರ ಕಾಣುತ್ತದೆ, ಟ್ಯಾಬಿನ ಬಣ್ಣ ಕಾಣುತ್ತದೆ. ಮುಂದಿನ ವರ್ಷದ ಮಾತು ಯಾರು ಕಂಡವರು. ಆಟ ಬಂದು, ಅದನ್ನು ಆಡಬೇಕಾದವರಿಗೆ ಹೊಳೆ ಯಾವುದು ದಂಡೆ ಯಾವುದು ತಿಳಿಯದ ಹಾಗಾದರೆ ನಾನು ಯಾಕಾಗಿ ಕೊಟ್ಟೆ? ಅವರ ಪುಟದಲ್ಲಿ ಎಲ್ಲರೂ ಕಾಮೆಂಟ್ ಹಾಕುತ್ತಿದ್ದರು. ನಾನೂ ಕನ್ನಡದಲ್ಲಿ ಹಾಕಿದೆ. "ಹೊಳೆ ಎಲ್ಲಿಗೆ ಬಂತು ಹೇಳಿ. ನಾಯಿ ಹೇಗೂ ಈಜುತ್ತದೆ." ಅದಕ್ಕೆ ಯಾರು ಯಾರೋ ನಗುವ ಮುಖ ಹಾಕಿದರು. ಉತ್ತರ ಬರಲಿಲ್ಲ.

ಕೊನೆಗೆ ಒಂದು ಗುರುವಾರ ಮೇಲ್ ಬಂತು. ಹೊಳೆಯ ಭಾಗ ಪೂರ್ತಿಯಾಗಿಲ್ಲ, ಆದರೂ ಆಡಿ ನೋಡುವಷ್ಟು ಆಗಿದೆ, ಆಡಿ ಹೇಳಿ, ಎಂದು ಕೆಳಗೆ ಒಂದು ಲಿಂಕು. ಗುರುವಾರ ಬಂದಿತಲ್ಲ ಅಂತ ರಾಯರಿಗೆ ಇನ್ನೊಂದು ತುಪ್ಪದ ದೀಪ ಹಚ್ಚಿ, ಟ್ಯಾಬಿನಲ್ಲಿ ಇಳಿಸಿಕೊಂಡು ಅತ್ತೆಯ ಮುಂದೆ ಹಿಡಿದೆ.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. "ಪೂರ್ತಿ ಆಗೇದೇನು?"

"ಇಲ್ಲಂತ್ರಿ. ನೋಡಿ ಹೇಳ್ರಿ ಅಂದಾರ."

"ಹಂಗಾದ್ರ ಇಡು ಅತ್ಲಾಗ. ಪೂರ್ತಿ ಆಗಿಲ್ಲ, ದೇವರಿಗೆ ತೋರ್ಸಿಲ್ಲ, ಮೊದಲ ನಾವು ರುಚಿ ನೋಡೋದೇನು?"

ನಮ್ಮ ಮನೆಯ ಪದ್ಧತಿ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಅಡಿಗೆ ಮಾಡುವವರು ಉಪ್ಪು ನೋಡುವಂತಿಲ್ಲ. ಹುಳಿಯ ಉಪ್ಪನ್ನು ವಾಸನೆಯಲ್ಲಿ, ಕುದಿಯುವ ಸದ್ದಿನಲ್ಲಿ ತಿಳಿದುಕೊಳ್ಳಬೇಕು. ದೇವರಿಗೆ ನೈವೇದ್ಯವಾಗದೆ ಒಂದು ಅಗುಳು ಬಾಯಿಗೆ ಹೋಗುವುದಿಲ್ಲ. ಅರ್ಧ ಬೆಂದದ್ದನ್ನು ನೈವೇದ್ಯಕ್ಕೆ ಇಡುವಂತೆಯೂ ಇಲ್ಲ. ಊಟಕ್ಕಷ್ಟೇ ಅಲ್ಲ, ಹೊಸ ಸೀರೆಯಾಗಲಿ ಸ್ಕೂಟರಾಗಲಿ, ಮೊದಲು ದೇವರ ಮುಂದೆ, ಆಮೇಲೆ ನಮಗೆ. ಈ ಲೆಕ್ಕದಲ್ಲಿ ಅರ್ಧವಾದ ಆಟವನ್ನು ದೇವರ ಮುಂದೆಯೂ ಇಡುವಂತಿಲ್ಲ, ಆಡುವಂತೆಯೂ ಇಲ್ಲ.

ಇನ್ನೊಂದು ಕಷ್ಟವೂ ಇದೇ ಪದ್ಧತಿಯದು. ನಮ್ಮಲ್ಲಿ ದೇವರ ಪೂಜೆ ಗಂಡಸರೇ ಮಾಡಬೇಕು, ನಮ್ಮ ಮನೆಯಲ್ಲಿ ಗಂಡಸರು ಅಂದರೆ ಇವರೊಬ್ಬರೇ. ಇವರಿಗೆ ಫಸ್ಟ್ ಶಿಫ್ಟ್ ಬಂದ ವಾರ ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿದರೆ ಮನೆಗೆ ಬರುವುದು ಮಧ್ಯಾಹ್ನ ಮೂರಕ್ಕೆ. ಆಮೇಲೆ ಸ್ನಾನ, ಪೂಜೆ, ನೈವೇದ್ಯ. ಅಲ್ಲಿಯವರೆಗೆ ಅತ್ತೆ ಬರೀ ಕಾಫಿ. ಕಾಫಿಗೆ ದೋಷವಿಲ್ಲ ಎಂದು ಯಾವ ಗ್ರಂಥದಲ್ಲಿದೆಯೋ ನಾನು ಕೇಳಿಲ್ಲ. ಡಾಕ್ಟರು, ಸಕ್ಕರೆಯ ಮಾತ್ರೆ ತೆಗೆದುಕೊಂಡು ಹಸಿದಿರಬಾರದು, ಬೆಳಿಗ್ಗೆ ಎಂಟಕ್ಕೆ ತಿಂಡಿ ತಿನ್ನಲೇಬೇಕು ಅಂದಿದ್ದರು. ರೋಗಿಗಳಿಗೆ, ಬಾಣಂತಿಯರಿಗೆ ಶಾಸ್ತ್ರದಲ್ಲಿಯೇ ವಿನಾಯಿತಿ ಇದೆ ಎಂದು ನಾನು ಎಷ್ಟು ಹೇಳಿದರೂ, "ನಾನೇನು ರೋಗಿ ಏನು? ಗಟ್ಟಿ ಅದೀನಿ" ಎಂಬ ಒಂದೇ ಉತ್ತರ. ಎರಡು ಸಲ ದೇವರಮನೆಯ ಹೊಸ್ತಿಲಲ್ಲಿಯೇ ತಲೆ ಸುತ್ತಿ ಕೂತಿದ್ದರು. ಕೂತಾಗಲೂ ಗಟ್ಟಿಯೇ.

ಹಾಗಾಗಿ ಲಿಂಕು ಟ್ಯಾಬಿನೊಳಗೆ, ಟ್ಯಾಬು ಕಪಾಟಿನೊಳಗೆ. ನಾನೂ ಒತ್ತಾಯ ಮಾಡಲಿಲ್ಲ. ಹೊಳೆಯ ಭಾಗ ಬರೆಸಿದವರು ಬೇರೆಯವರೂ ಎಷ್ಟೋ ಜನ ಇರುತ್ತಾರೆ, ಅವರು ನೋಡಿ ಹೇಳಿದರೆ ಪೂರ್ತಿಯಾಗಿ ಬರುತ್ತದೆ, ಆಗ ಹೂವು ಏರಿಸಿ ಆಡಿಸೋಣ ಅಂದುಕೊಂಡೆ. ತಿಂಗಳುಗಳು ಹೋದವು. ಒಂದು ಮೇಲ್ ಬಂತು. "ಒಂದೇ ಒಂದು ಭಾಗ ನಿಂತಿದೆ, ಅದಾದರೆ ಮುಂದಿನದು" ಎಂದು ಎರಡೇ ಸಾಲು. ನನಗೆ ಸಿಟ್ಟು ಬಂತು. ದೊಡ್ಡದಾಗಿ ಕಾಮೆಂಟ್ ಬರೆದೆ. ವಯಸ್ಸಾದವರು ಕಾಯುತ್ತಿದ್ದಾರೆ, ಕೆಲಸ ಯಾರಿಂದ ನಿಂತಿದೆಯೋ ಅವರ ಮನೆ ಬಾಗಿಲಿಗೆ ಹೋಗಿ ಕೂತಾದರೂ ಮುಗಿಸಿಕೊಳ್ಳಿ, ಎಂದು.

ಮಾರನೆಯ ದಿನ ಫೋನು ಬಂತು. ಆ ಚಿತ್ರ ಬರೆಯುವ ಹುಡುಗಿ. ನಗು ತಡೆದುಕೊಂಡು ಮಾತಾಡುವುದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

"ಆಂಟಿ, ನಿಮ್ಮ ಕಾಮೆಂಟ್ ಓದಿದ್ವಿ. ನಾವು ನಿಮ್ಮ ಮನಿ ಬಾಗಲಕ್ಕ ಬಂದು ಕೂಡಬೇಕಂತ ಮಾಡೀವಿ."

"ನಮ್ಮ ಮನಿಗೆ ಯಾಕವಾ?"

"ಹೊಳಿ ಭಾಗ ಬರಸಿದವರು ಅಜ್ಜಿ ಒಬ್ರ ರೀ. ಅವರು ಹೂಂ ಅನ್ನಲಾರದ ನಾವು ಮುಂದ ಹೋಗಂಗಿಲ್ಲ. ಅವರಿಗೇ ಕಾಯಾಕತ್ತೀವಿ."

ನಾನು ಫೋನು ಹಿಡಿದುಕೊಂಡು ಅಡಿಗೆಮನೆಯಲ್ಲಿ ನಿಂತೇ ಇದ್ದೆ. ಒಲೆಯ ಮೇಲೆ ಹಾಲು ಉಕ್ಕಿತು, ಅದೂ ಕಾಣಲಿಲ್ಲ. ಸಂಜೆ ಇವರಿಗೆ ಹೇಳಿದರೆ, ಇವರು ಕುರ್ಚಿಯಲ್ಲಿ ಹಿಂದಕ್ಕೆ ಬಾಗಿ ಬಾಗಿ ನಕ್ಕರು. "ಅಂದ್ರ ಲೇಟ್ ಮಾಡಿದ್ದು ನಾಯಿ ಅಲ್ಲ, ನಮ್ಮಮ್ಮ."

"ನಾನೇನು ಮಾಡೀನಿ" ಅಂದರು ಅತ್ತೆ. "ಪೂರ್ತಿ ಮಾಡ್ಕೊಂಡು ಬರ್ರಿ ಅಂದೀನಿ. ತಪ್ಪೇನು?"

ಅವರಿಬ್ಬರೂ ಬಂದದ್ದು ಒಂದು ಶನಿವಾರ, ಹನ್ನೊಂದು ಗಂಟೆಯ ಹೊತ್ತಿಗೆ, ಸಂಡೂರಿನಿಂದ ಸ್ಕೂಟರಿನಲ್ಲಿ. ಅದಿರಿನ ಲಾರಿಗಳ ಹಿಂದೆ ಬಂದಿದ್ದರೆಂದು ಕೇಳುವುದೇ ಬೇಕಿರಲಿಲ್ಲ. ಕೆಂಪು ಧೂಳಿಗೆ ಹುಡುಗಿಯ ಬಿಳಿ ಓಢಣಿಯೂ ಅವನ ಗಡ್ಡವೂ ಒಂದೇ ಬಣ್ಣವಾಗಿದ್ದವು. "ಬರ್ರಿ, ಕೈಕಾಲು ತೊಳಕೊಂಡು ಕುಂದ್ರಿ, ಊಟ ಮಾಡಿಕೊಂಡೇ ಹೋಗಬೇಕು" ಅಂದೆ. ಅಪರೂಪಕ್ಕೆ ಬಂದವರು, ಹೋಳಿಗೆ ಮಾಡುತ್ತಿದ್ದೆ. ಅವರು ಬೆಳಿಗ್ಗೆ ಏನೂ ತಿಂದಿರಲಿಲ್ಲ, ಸಂತೋಷವಾಗಿ ಕೂತರು. ಇವರದು ಆ ವಾರ ಫಸ್ಟ್ ಶಿಫ್ಟ್ ಎನ್ನುವುದನ್ನು ನಾನು ಆಗಲೇ ಹೇಳಬೇಕಿತ್ತೇನೋ.

ಹನ್ನೆರಡಾಯಿತು. ತುಪ್ಪದ ವಾಸನೆ ಪಡಸಾಲೆಗೆ ಹೋಯಿತು. ಹುಡುಗಿ ಅಡಿಗೆಮನೆಯ ಬಾಗಿಲವರೆಗೆ ಬಂದು, ನಾನು ಮಡಿಯಲ್ಲಿದ್ದೇನೆಂದು ಅಲ್ಲೇ ನಿಂತಳು. "ಆಂಟಿ, ಎಷ್ಟೊತ್ತಾಗಬಹುದು?"

"ಆಗೇ ಬಂತು. ಕಣಕ ನಾದಿ ಇಟ್ಟೀನಿ."

ಒಂದಕ್ಕೆ ಮತ್ತೆ ಬಂದಳು. "ಹೂರಣ ರುಬ್ಬಾಕತ್ತೀನಿ, ಭಾಳ ನುಣ್ಣಗ ಬರಾಕತ್ತೈತಿ" ಅಂದೆ. ಎರಡಕ್ಕೆ ಗಡ್ಡದವನು ಬಂದ. "ಮೊದಲನೇದು ಬೇಯಿಸಿದೆ, ಅಂಚು ಸ್ವಲ್ಪ ಒಡೀತು, ಅದನ್ನ ಸರಿ ಮಾಡಾಕತ್ತೀನಿ" ಅಂದೆ.

ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದಳು. "ಲೇ, ಇದು ನಮ್ಮ ಅಪ್ಡೇಟ್ ಹಂಗ ಐತಲ್ಲೋ."

"ನಿಮ್ಮದಕ್ಕಿಂತ ಛಲೋ ಐತಿ" ಅಂದೆ. "ನಾನು ತಾಸಿಗೊಂದು ಕೊಡಾಕತ್ತೀನಿ."

ಸತ್ಯ ಹೇಳಬೇಕೆಂದರೆ ಆ ಗಳಿಗೆ ನನಗೆ ಬಹಳ ಸಮಾಧಾನ ಕೊಟ್ಟಿತು. ದೇವರು ನನ್ನ ಕೈಯಿಂದ ಸೇಡು ತೀರಿಸಲಿಲ್ಲ, ಹೋಳಿಗೆಯ ಕೈಯಿಂದ ತೀರಿಸಿದ. ಆಮೇಲೆ ಪಾಪ ಅನ್ನಿಸಿ ಇಬ್ಬರಿಗೂ ಒಂದೊಂದು ಲೋಟ ಕಾಫಿ ಕೊಟ್ಟೆ, ಅದಕ್ಕೆ ದೋಷವಿಲ್ಲವಲ್ಲ.

ಅತ್ತೆ ಪಡಸಾಲೆಯ ಮಂಚದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಗಡ್ಡದವನು ತನ್ನ ಟ್ಯಾಬು ತೆಗೆದು, ಆಡಿ ಎಂದು ಕೇಳದೆ, ಸುಮ್ಮನೆ ಅವರ ಎದುರಿನ ಸ್ಟೂಲಿನ ಮೇಲೆ ನಿಲ್ಲಿಸಿದ. ಕಂಪ್ಲಿಯ ದಂಡೆ. ಬೆಳಗಿನ ಹೊತ್ತು. ಹರಿಗೋಲು ಕಲ್ಲಿಗೆ ತಾಗಿ ನಿಂತಿದೆ, ನೀರು ಅದನ್ನು ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಿದೆ. ಒಳಗೆ ಯಾರೂ ಇಲ್ಲ.

ಅತ್ತೆ ಬಹಳ ಹೊತ್ತು ನೋಡಿದರು. "ನೀರಿನ ಸಪ್ಪಳನೂ ಅದ" ಅಂದರು.

"ಅಲ್ಲೇ ಹೋಗಿ ರೆಕಾರ್ಡ್ ಮಾಡ್ಕೊಂಡು ಬಂದೀವಿ, ಅಜ್ಜಿ" ಅಂದ ಅವನು.

"ನೈವೇದ್ಯ ಆಗಲಿ, ನೋಡೋಣ."

"ಅಜ್ಜಿ, ಇದು ಪೂರ್ತಿ ಆಗಬೇಕಂದ್ರ ನೀವು ಆಡಬೇಕು. ನೀವು ಆಡಬೇಕಂದ್ರ ಇದು ಪೂರ್ತಿ ಆಗಬೇಕು. ನಾವೇನು ಮಾಡಬೇಕು ಹೇಳ್ರಿ."

ನಾನು ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. "ಅತ್ಯಾರ, ನನ್ನ ಬಾಣಂತನದಾಗ ನೈವೇದ್ಯಕ್ಕ ಮೊದಲ ನನಗ ಊಟಕ್ಕ ಬಡಿಸಿದವರು ಯಾರು? ನಾನು ಒಲ್ಲೆ ಅಂದ್ರ ಬೈದವರು ಯಾರು? ದೋಷ ಇಲ್ಲ ಅಂದವರು ನೀವೇ."

"ನೀ ಬಾಣಂತಿ ಇದ್ದಿ."

"ನಿಮಗ ಸಕ್ಕರಿ ಅದ."

"ನಾನೇನು..." ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ಕಣ್ಣು ಟ್ಯಾಬಿನ ಮೇಲಿತ್ತು. ಹರಿಗೋಲು ಅಲ್ಲಾಡುತ್ತಲೇ ಇತ್ತು. ಅತ್ತೆ ದೇವರಮನೆಯ ಕಡೆಗೆ ಒಮ್ಮೆ ನೋಡಿ, ನಾನು ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ಕೇಳದಿದ್ದ ಮಾತನ್ನು ಸಣ್ಣ ದನಿಯಲ್ಲಿ ಅಂದರು.

"ಹಂಗಾದ್ರ ನಾನು ರೋಗಿನೇ ಅಂತ ಇಟ್ಕೋರಿ. ಕೊಡು ಇಲ್ಲಿ, ಇದನ್ನ ಹೆಂಗ ನಡಸೋದು?"

ಹೆಬ್ಬೆರಳಿನಲ್ಲಿ ಒತ್ತಿ ಸರಿಸಬೇಕು. ಬೆರಳು ತಾಗಿದ ಕೂಡಲೇ ಆಟದ ಹುಡುಗಿ ಹರಿಗೋಲು ಹತ್ತಿದಳು, ಹಿಂದೆಯೇ ನಾಯಿ. ಮೊದಲು ಹರಿಗೋಲು ಗಿರಗಿರ ತಿರುಗಿ ಹೊರಟ ಕಲ್ಲಿಗೇ ಬಂದು ಬಡಿಯಿತು. ಅತ್ತೆ ಕಿಲಕಿಲ ನಕ್ಕರು. ಅವರು ಹಾಗೆ ನಗುವುದನ್ನು ನಾನು ಹೆಚ್ಚು ಕಂಡಿಲ್ಲ. ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ. ದಂಡೆ ಬಿಟ್ಟಿತು. ಆಚೆ ಊರಿನ ಬಾಳೆತೋಟ ಹತ್ತಿರ ಹತ್ತಿರ ಬಂತು. ಹೊಳೆಯ ಮಧ್ಯಕ್ಕೆ ಹೋದ ಮೇಲೆ ಅತ್ತೆ ಬೆರಳು ತೆಗೆದುಬಿಟ್ಟರು. ಹರಿಗೋಲು ನೀರಿನ ಮೇಲೆ ಮೆಲ್ಲಗೆ ಸುತ್ತುತ್ತ ನಿಂತಿತು.

"ಸಿಕ್ಕೊಂತೇನು? ಬಗ್ ಇರಬೇಕು" ಎಂದು ಗಡ್ಡದವನು ಗಾಬರಿಯಿಂದ ಮುಂದೆ ಬಾಗಿದ.

"ಸಿಕ್ಕಿಲ್ಲ" ಅಂದರು ಅತ್ತೆ. "ಇಲ್ಲಿ ತುಂಗವ್ವಗ ಅರಿಷಿಣ ಕುಂಕುಮ ಬಿಡಬೇಕು. ನಡು ಹೊಳಿಯಾಗ ಬಿಟ್ಟೇ ಮುಂದ ಹೋಗೋದು. ಎಲ್ಲೈತಿ ಅದು?"

ಆಟದಲ್ಲಿ ಅದಿರಲಿಲ್ಲ. ಹುಡುಗಿ, "ಹಾಕ್ತೀವಿ ಅಜ್ಜಿ" ಅಂದಳು. ಅತ್ತೆ ಒಪ್ಪಲಿಲ್ಲ. "ನೀವು ಹಾಕೋದು ಇನ್ನೊಂದು ವರ್ಷಕ್ಕ" ಎಂದು, ನನ್ನಿಂದ ಅರಿಷಿಣ ಕುಂಕುಮದ ಬಟ್ಟಲು ತರಿಸಿಕೊಂಡು, ಟ್ಯಾಬಿನ ಮುಂದೆ ಸ್ಟೂಲಿನ ಮೇಲೆ ಒಂದೊಂದು ಚಿಟಿಕೆ ಇಟ್ಟು ಕೈಮುಗಿದರು. ಗಡ್ಡದವನೂ ಮುಗಿದ. ಆಮೇಲೆ ಬೆರಳು ಒತ್ತಿ ಆಚೆ ದಂಡೆಗೆ ಹೋದರು. ದಂಡೆಯಲ್ಲಿ ಆಟದ ಹುಡುಗಿ ಇಳಿದಳು, ಹಿಂದೆಯೇ ನಾಯಿ ಇಳಿದು ಬಾಲ ಅಲ್ಲಾಡಿಸಿತು. ಅತ್ತೆ ನೋಡಿ, ಬಾಲ ಸರಿಯಾಗಿದೆ ಅಂದರು.

"ಹಂಗಾದ್ರ ಹೂಂ ಅಂತೀರೇನು ಅಜ್ಜಿ?" ಹುಡುಗಿ ಕೇಳಿದಳು.

"ಹೂಂ. ದಾಟಿದೆ."

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು, ಕನ್ನಡಕ ಮಾತ್ರ ಒರೆಸಿದರೋ ಕಣ್ಣೂ ಒರೆಸಿದರೋ ನಾನು ನೋಡುವುದಕ್ಕೆ ಹೋಗಲಿಲ್ಲ. ಒಳಗೆ ಹೋಗಿ ಬೇರೆಯಾಗಿ ತೆಗೆದಿಟ್ಟಿದ್ದ ಅನ್ನಕ್ಕೆ ಸಾರು ಕಲಸಿ ತಟ್ಟೆಯಲ್ಲಿ ತಂದು ಅವರ ಮುಂದೆ ಹಿಡಿದೆ.

"ಇದೇನು?"

"ರೋಗಿ ಅಂದ್ರಲ್ಲ. ಹೊಳಿ ದಾಟಾಕ ಒಂದು ನ್ಯಾಯ, ಉಣ್ಣಾಕ ಒಂದು ನ್ಯಾಯ ಏನು?"

ಅತ್ತೆ ನನ್ನ ಮುಖ ನೋಡಿದರು, ಆ ಇಬ್ಬರ ಮುಖ ನೋಡಿದರು. "ಭಾಳ ಶಾಣ್ಯಾಕಿ ಆಗೀದಿ" ಎಂದು ತಟ್ಟೆ ತೆಗೆದುಕೊಂಡರು. ಹಸಿದ ಆ ಇಬ್ಬರು ರೋಗಿಗಳಲ್ಲವಾದ್ದರಿಂದ ಅತ್ತೆ ಉಣ್ಣುವುದನ್ನು ನೋಡುತ್ತ ಕೂರಬೇಕಾಯಿತು. ಮೂರು ಗಂಟೆಗೆ ಇವರು ಬಂದು, ಸ್ನಾನ ಮಾಡಿ, ಪೂಜೆ ಮುಗಿಸುವ ಹೊತ್ತಿಗೆ ಗಡ್ಡದವನು ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಎಬ್ಬಿಸಿ ಎಲೆ ಹಾಕಿದೆವು. ಹುಡುಗಿ ಎಷ್ಟು ಹೋಳಿಗೆ ತಿಂದಳು ಅಂತ ನಾನು ಎಣಿಸಲಿಲ್ಲ, ಇವರು ಎಣಿಸಿ ಹೇಳಿ ಅವಳನ್ನು ನಾಚಿಸಿದರು.

ಆಟ ಈಗಲೂ ಪೂರ್ತಿಯಾಗಿಲ್ಲ. ಹೊಳೆ ಆಯಿತು, ಈಗ ಬಾಳೆತೋಟದ ಎಲೆಗಳು ಗಾಳಿಗೆ ಸರಿಯಾಗಿ ಸೀಳುತ್ತಿಲ್ಲವಂತೆ. ಮೇಲ್ ಬರುವುದು ಮೊದಲಿನಷ್ಟೇ ತಡ. ಪುಟದಲ್ಲಿ ಜನ ಬೈಯುವುದೂ ನಡೆದಿದೆ. ನಾನು ಬೈಯುವುದಿಲ್ಲ. ನಾನು ಕೊಟ್ಟದ್ದಕ್ಕೆ ನನಗೆ ಸಿಗಬೇಕಾದದ್ದು ಸಿಕ್ಕಿತು, ಕೇಳದೇ ಇದ್ದದ್ದೂ ಒಂದು ಸಿಕ್ಕಿತು.

ಮತ್ತೆ ಫಸ್ಟ್ ಶಿಫ್ಟ್ ಬಂದ ವಾರ, ಇವರು ಬಸ್ಸು ಹತ್ತಿ ಹೋದ ಮೇಲೆ ನಾನು ತುಳಸಿಗೆ ನೀರು ಹಾಕುತ್ತಿದ್ದೆ. ಬಿಸಿಲು ಆಗತಾನೇ ಕಟ್ಟೆಯ ಮೇಲೆ ಬಂದಿತ್ತು. ಒಳಗಿನಿಂದ ಅತ್ತೆಯ ದನಿ ಕೇಳಿತು.

"ಏ ಹುಡುಗಿ, ಎಂಟಾತಲ್ಲ. ರೋಗಿಗೆ ತಿಂಡಿ ಏನು ಮಾಡೀದಿ?"

"ಉಪ್ಪಿಟ್ಟು ಆಗೇ ಬಂತ್ರಿ" ಅಂದೆ.

"ಆಗೇ ಬಂತು ಅಂದ್ರ ನಾ ನಂಬಂಗಿಲ್ಲ. ಒಗ್ಗರಣಿ ಹಾಕಿಯೇನು?"